ಕನ್ಯಾಶುಲ್ಕವೂ ದೊಡ್ಡತ್ತೆಯ ತೋಟವೂ

ಮದುವೆಯಾದ ಮರುವರ್ಷ, ಅಂದರೆ 1974ರ ಬೇಸಿಗೆಯಲ್ಲಿ, ನಾನು ವಿಜಯವಾಡದ ಗವರ್ನರ್‌ಪೇಟೆಗೆ ಸಂಸಾರ ಹೂಡಲು ಬಂದೆ. ಸಿದ್ದಾಪುರದ ಕಡೆಯ ಅಡಿಕೆ ತೋಟದ ನೆರಳಿನಲ್ಲಿ ಬೆಳೆದವಳಿಗೆ ಆ ಊರಿನ ಮೇ ತಿಂಗಳ ಬಿಸಿಲು ಹೇಗಿತ್ತೆಂದು ಇಲ್ಲಿ ವರ್ಣಿಸಲು ಹೋಗುವುದಿಲ್ಲ. ಕೃಷ್ಣಾ ತೀರದಲ್ಲಿ ಒಂದು ಬೇಸಿಗೆ ಕಳೆದವರಿಗೆ ಹೇಳಬೇಕಾಗಿಲ್ಲ, ಕಳೆಯದವರು ಹೇಳಿದರೂ ನಂಬುವುದಿಲ್ಲ. ಏಲೂರು ರಸ್ತೆಯಿಂದ ಒಳಗೆ ಎರಡು ತಿರುವು ದಾಟಿದರೆ ನಮ್ಮ ಮನೆ. ಮನೆಯೆಂದರೆ ಇಡೀ ಮನೆಯಲ್ಲ, ಅಲ್ಲಿಯವರ ಮಾತಿನಲ್ಲಿ ಒಂದು ‘ಪೋರ್ಷನ್’. ಎರಡು ಕೋಣೆ, ಒಂದು ಅಡಿಗೆಮನೆ, ನಾಲ್ಕು ಸಂಸಾರಗಳಿಗೆ ಸೇರಿ ಒಂದು ಬಾವಿ. ನಮ್ಮವರು ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಗೆ ಹೋದರೆ ಸಂಜೆಯವರೆಗೆ ನನಗೆ ಕನ್ನಡದ ಒಂದಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲ.

ನನಗೆ ತೆಲುಗು ಕಲಿಸಿದವರು ಪಕ್ಕದ ಪೋರ್ಷನ್ನಿನ ಪಿನ್ನಿಗಾರು. ಪಿನ್ನಿ ಎಂದರೆ ಚಿಕ್ಕಮ್ಮ. ಹೆಸರು ಹಿಡಿದು ಕರೆಯುವಂತಿಲ್ಲವಾದ್ದರಿಂದ ಬೀದಿಗೆಲ್ಲ ಅವರು ಪಿನ್ನಿಗಾರೇ. ತವರು ವಿಜಯನಗರಂ. ನಮ್ಮ ಹಂಪೆಯ ವಿಜಯನಗರವಲ್ಲ, ವಿಶಾಖಪಟ್ಟಣದಿಂದ ಆಚೆಗಿರುವ, ರಾಜರು ಆಳುತ್ತಿದ್ದ ಊರು. ಅಲ್ಲಿಯವರ ತೆಲುಗಿಗೂ ವಿಜಯವಾಡದವರ ತೆಲುಗಿಗೂ ನಮ್ಮ ಕಡೆಯ ಮಾತಿಗೂ ಧಾರವಾಡದ ಮಾತಿಗೂ ಇರುವಷ್ಟು ಅಂತರ. ಬಾವಿಕಟ್ಟೆಯ ಹೆಂಗಸರು ಪಿನ್ನಿಗಾರ ಮಾತನ್ನು ಅಣಕಿಸುತ್ತಿದ್ದರು. ಬಹುಶಃ ಅದರಿಂದಲೇ ಅವರಿಗೆ ನನ್ನ ಮೇಲೆ ಅಷ್ಟು ವಾತ್ಸಲ್ಯ ಬಂತು.

ಲಿಪಿ ಕಲಿಯುವುದು ಕಷ್ಟವಾಗಲಿಲ್ಲ. ತಲೆಕಟ್ಟಿನ ಆಕಾರ ಸ್ವಲ್ಪ ಬದಲಾಯಿಸಿಕೊಂಡರೆ ಅರ್ಧಕ್ಕೂ ಹೆಚ್ಚು ಅಕ್ಷರ ನಮ್ಮವೇ. ಆರು ತಿಂಗಳಾದ ಮೇಲೆ ಪಿನ್ನಿಗಾರು, “ಬಾಲಶಿಕ್ಷೆ ಸಾಕಮ್ಮಾಯ್, ಇನ್ನು ನಮ್ಮ ಊರಿನ ಪುಸ್ತಕ ಓದು” ಎಂದು ನನ್ನನ್ನು ಏಲೂರು ರಸ್ತೆಯ ಪುಸ್ತಕದಂಗಡಿಗೆ ಕರೆದುಕೊಂಡು ಹೋಗಿ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ಕೊಡಿಸಿದರು. ಹೆಸರು ಓದಿ ಪುರಾಣದ ನಾಟಕವೋ ಏನೋ ಎಂದುಕೊಂಡೆ. ಮೊದಲ ರಂಗದಲ್ಲಿಯೇ ಗಿರೀಶಂ ಎಂಬ ಇಂಗ್ಲಿಷ್ ಕಲಿತ ಪೋಕರಿ ಚುಟ್ಟಾ ಸೇದುತ್ತ ಬಂದು ನಿಂತಾಗ ತಬ್ಬಿಬ್ಬಾದೆ.

ಈ ನಾಟಕ ಮೊದಲು ರಂಗಕ್ಕೆ ಬಂದದ್ದು 1892ರಲ್ಲಿ, ವಿಜಯನಗರಂನಲ್ಲಿ. ಪುಸ್ತಕವಾದದ್ದು 1897ರಲ್ಲಿ. 1909ರಲ್ಲಿ ಗುರಜಾಡರು ಅದನ್ನು ಹೆಚ್ಚುಕಡಿಮೆ ಹೊಸದಾಗಿಯೇ ಬರೆದರು. ಈಗ ಎಲ್ಲರೂ ಓದುವುದೂ ಆಡುವುದೂ ಆ ಎರಡನೆಯದನ್ನೇ. ಮೊದಲ ಮುದ್ರಣಕ್ಕೆ ಅವರು ಇಂಗ್ಲಿಷಿನಲ್ಲಿ ಒಂದು ಮುನ್ನುಡಿ ಬರೆದಿದ್ದಾರೆ. ಅದರಲ್ಲಿರುವ ಲೆಕ್ಕವನ್ನು ಪಿನ್ನಿಗಾರು ನನಗೆ ಬಾಯಲ್ಲಿಯೇ ಒಪ್ಪಿಸಿದ್ದರು. ವಿಜಯನಗರಂ ಮಹಾರಾಜರಾದ ಆನಂದ ಗಜಪತಿಗಳು ವಿಶಾಖಪಟ್ಟಣ ಜಿಲ್ಲೆಯಲ್ಲಿ ಮೂರು ವರ್ಷಗಳಲ್ಲಿ ನಡೆದ ಬ್ರಾಹ್ಮಣರ ಶುಲ್ಕ ವಿವಾಹಗಳ ಪಟ್ಟಿ ಮಾಡಿಸಿದರಂತೆ. ಒಟ್ಟು 1034. ಹಣ ತೆಗೆದುಕೊಂಡವರು ಒಪ್ಪಿಕೊಳ್ಳುವುದು ಕಷ್ಟವಾದ್ದರಿಂದ ಇದೂ ಪೂರ್ತಿಯಲ್ಲ. ಆ ಮದುಮಗಳರಲ್ಲಿ ಐದು ವರ್ಷದವರು 99, ನಾಲ್ಕು ವರ್ಷದವರು 44, ಮೂರರವರು 36, ಎರಡರವರು 6, ಒಂದು ವರ್ಷದ ಕೂಸುಗಳು 3. ಆ ಮೂರು ಕೂಸುಗಳಿಗೆ ತಲಾ 350ರಿಂದ 400 ರೂಪಾಯಿ. ಹೊಟ್ಟೆಯಲ್ಲಿರುವ ಪಿಂಡಕ್ಕೂ ಕೆಲವೊಮ್ಮೆ ವ್ಯಾಪಾರ ಕುದುರುತ್ತಿತ್ತೆಂದು ಗುರಜಾಡರು ಬರೆಯುತ್ತಾರೆ. ಹೆಣ್ಣಾಗುವುದೋ ಗಂಡಾಗುವುದೋ ತಿಳಿಯುವ ಮೊದಲೇ! ಜನಕ್ಕೆ ಓದುವ ಅಭ್ಯಾಸ ಬರುವವರೆಗೆ ಇಂಥದನ್ನು ಬಯಲಿಗೆಳೆಯಲು ರಂಗಭೂಮಿಯೇ ಗತಿ ಎಂಬುದು ಅವರ ವಾದ.

ಕಥೆ ಗೊತ್ತಿಲ್ಲದ ನಮ್ಮ ಓದುಗರಿಗಾಗಿ ಎರಡು ಮಾತು. ಅಗ್ನಿಹೋತ್ರಾವಧಾನಿಗಳು ತಮ್ಮ ಚಿಕ್ಕ ಮಗಳು ಸುಬ್ಬಿಯನ್ನು ಲುಬ್ಧಾವಧಾನಿ ಎಂಬ ಮುದುಕನಿಗೆ 1800 ರೂಪಾಯಿಗೆ ಕೊಡಲು ನಿಶ್ಚಯಿಸುತ್ತಾರೆ. ಹಿರಿಯ ಮಗಳು ಬುಚ್ಚಮ್ಮ ಆಗಲೇ ವಿಧವೆಯಾಗಿ ಮನೆಯಲ್ಲಿದ್ದಾಳೆ. ತಾಯಿ ವೆಂಕಮ್ಮ ಬೇಡವೆಂದು ಗೋಗರೆಯುತ್ತಾಳೆ, ಕೊನೆಗೆ ಬಾವಿಗೆ ಹಾರುತ್ತಾಳೆ, ಎತ್ತಿ ಬದುಕಿಸುತ್ತಾರೆ. ವೆಂಕಮ್ಮನ ತಮ್ಮ ಕರಟಕ ಶಾಸ್ತ್ರಿ ಒಂದು ಉಪಾಯ ಹೂಡುತ್ತಾನೆ. ತನ್ನ ಶಿಷ್ಯನಾದ ಹುಡುಗನಿಗೆ ಸೀರೆ ಉಡಿಸಿ, ಅವನನ್ನೇ ಹೆಣ್ಣೆಂದು 1200 ರೂಪಾಯಿಗೆ ಲುಬ್ಧಾವಧಾನಿಗೆ ಕಟ್ಟಿಬಿಡುತ್ತಾನೆ. 600 ರೂಪಾಯಿ ಅಗ್ಗವಾಯಿತೆಂದು ಮುದುಕ ಸುಬ್ಬಿಯನ್ನು ಬಿಟ್ಟು ಇದಕ್ಕೆ ಒಪ್ಪುತ್ತಾನೆ. ಈ ಕೆಲಸಕ್ಕೆ ನೆರವಾಗುವವಳು ಮಧುರವಾಣಿ ಎಂಬ ವೇಶ್ಯೆ.

1976ರ ಸುಮಾರಿಗೆ ಗಾಂಧಿನಗರದ ಒಂದು ಸಭಾಂಗಣದಲ್ಲಿ ಈ ನಾಟಕ ಆಡಿದರು. ಇಡೀ ನಾಟಕ ಆಡಿದರೆ ಬೆಳಗಾಗುತ್ತದೆ, ಆದ್ದರಿಂದ ಕತ್ತರಿಸಿ ಮೂರು ಗಂಟೆಗೆ ಇಳಿಸಿದ್ದರು. ಪಿನ್ನಿಗಾರೂ ನಾನೂ ಮುಂದಿನ ಸಾಲಿನಲ್ಲಿ ಕುಳಿತೆವು. ಹೆಣ್ಣಿನ ಚೌಕಾಸಿಯ ರಂಗ ಬಂದಾಗ ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿರುವಾಗ, ಎಲ್ಲಿಂದಲೋ ದೊಡ್ಡತ್ತೆಯ ಮುಖ ಕಣ್ಣ ಮುಂದೆ ಬಂತು. ಆಮೇಲೆ ನನಗೆ ನಗಲಾಗಲಿಲ್ಲ.

ದೊಡ್ಡತ್ತೆ ನಮ್ಮ ಅಜ್ಜನ ತಂಗಿ. ಅಪ್ಪಯ್ಯ ‘ಅತ್ತೆ’ ಎನ್ನುತ್ತಿದ್ದುದರಿಂದ ನಾವು ಮಕ್ಕಳು ‘ದೊಡ್ಡತ್ತೆ’ ಮಾಡಿಕೊಂಡಿದ್ದೆವು. ಬೋಳು ತಲೆ, ಕೆಂಪು ಸೀರೆ, ದಿನಕ್ಕೊಂದು ಊಟ. ಹಿತ್ತಿಲ ಕಡೆಯ ಕೋಣೆಯಲ್ಲಿ ಇರುತ್ತಿದ್ದಳು. ಶುಭಕಾರ್ಯಗಳಿಗೆ ಎದುರಿಗೆ ಬರುತ್ತಿರಲಿಲ್ಲ, ಆದರೆ ನೂರು ಜನರ ಅಡಿಗೆಗೆ ಬೇಕಾದ ತಯಾರಿಯೆಲ್ಲ ಅವಳದೇ. ಒಂಬತ್ತನೆಯ ವಯಸ್ಸಿಗೆ ಮದುವೆ, ವರನಿಗೆ ನಲವತ್ತೆಂಟು, ಅವನಿಗೆ ಅದು ಮೂರನೆಯದು. ಹದಿನಾಲ್ಕಕ್ಕೆ ವಿಧವೆಯಾಗಿ ತವರಿಗೆ ಮರಳಿದಳು. ಇಷ್ಟು ನಮಗೆಲ್ಲ ಗೊತ್ತಿತ್ತು. ಆ ಕಾಲದಲ್ಲಿ ಅಂಥವರು ಯಾವ ಮನೆಯಲ್ಲಿ ಇರಲಿಲ್ಲ?

ಗೊತ್ತಿಲ್ಲದಿದ್ದ ಸಂಗತಿ ಇನ್ನೊಂದು. ನಮ್ಮ ಮನೆಯ ಕೆಳಗೆ, ಹಳ್ಳದ ಪಕ್ಕಕ್ಕೆ, ಒಂದು ಅಡಿಕೆ ತೋಟವಿದೆ. ಮನೆಯ ಬೇರೆ ತೋಟಗಳೆಲ್ಲ ಹಿಂದಿನವರಿಂದ ಬಂದವು, ಇದೊಂದು ಮಾತ್ರ ಮುತ್ತಜ್ಜನ ಕಾಲದಲ್ಲಿ ಕೊಂಡದ್ದು. ನಾನು ಹತ್ತು ಹನ್ನೊಂದರ ಹುಡುಗಿ, ಬಿದ್ದ ಅಡಿಕೆ ಹೆಕ್ಕಲು ದೊಡ್ಡತ್ತೆಯ ಜೊತೆಗೆ ಅಲ್ಲಿಗೆ ಹೋಗಿದ್ದೆ. ಅವಳು ಒಂದು ಮರಕ್ಕೆ ಒರಗಿ ನಿಂತು, “ಈ ತ್ವಾಟ ನಂದೇ ಕೂಸೇ” ಎಂದಳು. ನಾನು ನಕ್ಕು ಅಮ್ಮನಿಗೆ ಹೇಳಿದೆ. ಅಮ್ಮ ಬಾಯಿ ಮುಚ್ಚಿಕೊಂಡಿರು ಎಂದು ಗದರಿದಳು. ದೊಡ್ಡತ್ತೆ 1969ರಲ್ಲಿ ತೀರಿಕೊಂಡಳು. ಅವಳ ಮಾತಿನ ಅರ್ಥ ನನಗೆ ಹೊಳೆದದ್ದು ಗಾಂಧಿನಗರದ ಆ ಸಭಾಂಗಣದಲ್ಲಿ, 1800ಕ್ಕೂ 1200ಕ್ಕೂ ಚೌಕಾಸಿ ನಡೆಯುತ್ತಿರುವಾಗ. ಮುಂದಿನ ಸಲ ಊರಿಗೆ ಹೋದಾಗ ಅಪ್ಪಯ್ಯನನ್ನು ನೇರವಾಗಿ ಕೇಳಿದೆ. ಅವರು ಕವಳದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಬಹಳ ಹೊತ್ತಿನ ಮೇಲೆ, “ಐದು ನೂರು” ಎಂದರು. ಆ ಐದು ನೂರರಲ್ಲಿ ತೋಟ ಬಂತು. ತೋಟದ ಹುಟ್ಟುವಳಿಯಲ್ಲಿ ಅಪ್ಪಯ್ಯ ಧಾರವಾಡಕ್ಕೆ ಹೋಗಿ ಓದಿದರು. ಅದರಲ್ಲಿಯೇ ನಾವೂ ಉಂಡು ಬೆಳೆದೆವು.

ಆಮೇಲೆ ಪುಸ್ತಕವನ್ನು ಮತ್ತೊಮ್ಮೆ ಓದಿದೆ. ಈ ಸಲ ಗಿರೀಶಂನ ಚತುರ ಮಾತುಗಳನ್ನು ದಾಟಿಸಿ, ಹೆಂಗಸರು ಏನು ಹೇಳುತ್ತಾರೆ ಎಂದಷ್ಟೇ ನೋಡುತ್ತ ಹೋದೆ. ಸುಬ್ಬಿಯ ಮೇಲೆಯೇ ಇಡೀ ನಾಟಕ ನಿಂತಿದೆ, ಆದರೆ ನೆನಪಿನಲ್ಲಿ ಉಳಿಯುವಂಥ ಒಂದು ಮಾತೂ ಅವಳದಿಲ್ಲ. ಅವಳಿಗಾಗಿ ಬಾವಿಗೆ ಬೀಳುವವಳು ತಾಯಿ, ಹಸೆಮಣೆ ಏರುವವನು ಒಬ್ಬ ಹುಡುಗ, ಕೋರ್ಟಿನವರೆಗೆ ಹೋಗುವವರು ವಕೀಲರು. ಮೊದಲು ನನಗೆ ಇದು ಗುರಜಾಡರ ಲೋಪವೆಂದೇ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಒಂಬತ್ತು ವರ್ಷದ ದೊಡ್ಡತ್ತೆ ಆ ಐದು ನೂರು ಎಣಿಸುವಾಗ ಏನು ಹೇಳಿರಬಹುದು? ಎಲ್ಲೋ ಹಿತ್ತಿಲಲ್ಲಿ ಆಡುತ್ತಿದ್ದಿರಬೇಕು.

ಬುಚ್ಚಮ್ಮ ಮಾತನಾಡುತ್ತಾಳೆ, ಆದರೆ ಕೇಳಿದವರ ಮಾತನ್ನೆಲ್ಲ ನಂಬುತ್ತಾಳೆ. ಗಿರೀಶಂ ವಿಧವಾವಿವಾಹದ ಪುಣ್ಯಗಳನ್ನು ಉಪನ್ಯಾಸ ಮಾಡಿ ಅವಳನ್ನು ಮನೆಬಿಡಿಸಿ ಕರೆದೊಯ್ಯುತ್ತಾನೆ. ವೀರೇಶಲಿಂಗಂ ಅವರು ರಾಜಮಹೇಂದ್ರಿಯಲ್ಲಿ 1881ರ ಡಿಸೆಂಬರಿನಲ್ಲಿ ಮೊದಲ ವಿಧವಾವಿವಾಹ ಮಾಡಿಸಿ ಊರಿನವರ ಬಹಿಷ್ಕಾರ ಎದುರಿಸಿದವರು. ಅಂಥ ದೊಡ್ಡ ಕೆಲಸದ ಮಾತುಗಳನ್ನೇ ಕದ್ದು ಒಬ್ಬ ಲಫಂಗ ತನ್ನ ಬೇಳೆ ಬೇಯಿಸಿಕೊಳ್ಳಲು ಹೊರಡುವುದನ್ನು ಗುರಜಾಡರು ತೋರಿಸುತ್ತಾರೆ. ಸುಧಾರಣೆಗೆಂದು ನಾಟಕ ಬರೆದವರು ಸುಧಾರಕನ ವೇಷ ಹಾಕಿದವನನ್ನೂ ಬಿಡಲಿಲ್ಲ. ಕೊನೆಗೆ ಅವನ ಬಣ್ಣ ಬಯಲಾಗಿ ಬುಚ್ಚಮ್ಮನನ್ನು ಪುಣೆಯ ವಿಧವಾಗೃಹಕ್ಕೆ ಕಳಿಸುವುದೆಂದು ಗೊತ್ತಾಗುತ್ತದೆ. ನಿನಗೇನು ಬೇಕಮ್ಮ ಎಂದು ಅವಳನ್ನು ಕೇಳಬೇಕಿತ್ತು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಯಾರ ಮುಖಕ್ಕೂ ಹೆದರದೆ ಮಾತನಾಡುವವಳು ಮಧುರವಾಣಿ ಒಬ್ಬಳೇ, ಏಕೆಂದರೆ ಅವಳಿಗೆ ಮದುವೆಯಿಲ್ಲ. ತನ್ನ ಬೆಲೆಯನ್ನು ತಾನೇ ಹೇಳಿ, ಹಣವನ್ನು ತಾನೇ ತೆಗೆದುಕೊಳ್ಳುತ್ತಾಳೆ. ಆದರೂ ಸೌಜನ್ಯರಾವ್ ಪಂತುಲು ಎಂಬ ಸಜ್ಜನ ವಕೀಲರ ಮನೆಯ ಹೊಸ್ತಿಲು ದಾಟಲು ಅವಳು ಗಂಡಸಿನ ವೇಷ ಹಾಕಬೇಕಾಗುತ್ತದೆ, ವೇಶ್ಯೆಯ ಮುಖ ನೋಡುವುದಿಲ್ಲ ಎಂಬ ವ್ರತ ಅವರದು. ಹುಡುಗ ಸೀರೆ ಉಟ್ಟು ಒಬ್ಬ ಹುಡುಗಿಯನ್ನು ಉಳಿಸಿದ, ಹೆಂಗಸು ಗಂಡಸಿನ ವೇಷ ಹಾಕಿ ಸತ್ಯ ಹೇಳಿದಳು. ಆ ಕಾಲದ ರಂಗದ ಮೇಲೆ ಹೆಂಗಸರ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರೆಂಬುದನ್ನು ನೆನೆದರೆ ಈ ವೇಷಗಳು ಇನ್ನಷ್ಟು ಗೋಜಲಾಗುತ್ತವೆ. 1955ರ ಚಲನಚಿತ್ರದಲ್ಲಿ ಸಾವಿತ್ರಿ ಮಧುರವಾಣಿಯಾಗಿ, ಎನ್.ಟಿ. ರಾಮರಾವ್ ಗಿರೀಶಂ ಆಗಿ ಅಭಿನಯಿಸಿದ್ದರು. ಪಿನ್ನಿಗಾರು ಅದನ್ನು ನೋಡಿದ್ದರು. “ಸಾವಿತ್ರಿಯ ಕಣ್ಣು ನೋಡುತ್ತ ಕುಳಿತರೆ ಶುಲ್ಕದ ವಿಷಯ ಯಾರಿಗೆ ನೆನಪಿರುತ್ತದಮ್ಮಾ” ಎಂಬುದು ಅವರ ವಿಮರ್ಶೆ.

ನಮ್ಮಲ್ಲಿ ಇಂಥದು ಏನೂ ಇರಲಿಲ್ಲವೇ ಎಂದು ಬಹಳ ದಿನ ಕೊರಗಿದ್ದೆ. ಇತ್ತು. ಅದೂ ನಮ್ಮ ಜಿಲ್ಲೆಯಲ್ಲಿಯೇ, ನಮ್ಮ ಮನೆಮಾತಿನಲ್ಲಿಯೇ ಇತ್ತು ಎಂದು ತಿಳಿದಾಗ ನಾಚಿಕೆಯಾಯಿತು. ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿಯೇ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಅಚ್ಚುಹಾಕಿಸಿದ್ದರು. ‘ಕನ್ಯಾವಿಕ್ರಯದ ಪರಿಣಾಮವು’ ಎಂಬುದು ಅದರ ಇನ್ನೊಂದು ಹೆಸರು. ‘ಕನ್ಯಾಶುಲ್ಕಂ’ ರಂಗಕ್ಕೆ ಬರುವುದಕ್ಕೆ ಐದು ವರ್ಷ ಮೊದಲು! ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕವೆಂದು ವಿದ್ವಾಂಸರು ಅದನ್ನೇ ಹೆಸರಿಸುತ್ತಾರೆ. ಹಳಗನ್ನಡದ ಗತ್ತಿಲ್ಲ, ಕಂದಪದ್ಯಗಳ ಆಡಂಬರವಿಲ್ಲ, ಹವ್ಯಕರು ಅಡಿಗೆಮನೆಯಲ್ಲಿ ಜಗಲಿಯಲ್ಲಿ ಆಡುವ ಮಾತು. ಬೇರೆ ಸೀಮೆಯ ಕನ್ನಡಿಗರಿಗೆ ಸುಲಭವಾಗಿ ತಿಳಿಯದ ಮಾತು. ಬಹುಕಾಲ ಅದು ಮರೆಯಲ್ಲಿ ಬಿದ್ದಿರಲು ಇದೂ ಒಂದು ಕಾರಣವಿರಬೇಕು. ಶಾಸ್ತ್ರಿಗಳು 1892ರಲ್ಲಿ, ‘ಕನ್ಯಾಶುಲ್ಕಂ’ ಮೊದಲು ಆಡಿದ ವರ್ಷದಲ್ಲಿಯೇ, ಇನ್ನೂ ನಡುಹರೆಯದಲ್ಲಿ ತೀರಿಕೊಂಡರು. ಪೂರ್ವದ ಕಡಲಂಚಿನವರಿಗೆ ಪಶ್ಚಿಮದ ಕಡಲಂಚಿನವರ ವಿಷಯ ಗೊತ್ತಿತ್ತೆಂದು ತೋರುವುದಿಲ್ಲ. ಎರಡು ಕಡೆಯೂ ಹೆಣ್ಣಿನ ವ್ಯಾಪಾರ ನಡೆಯುತ್ತಿತ್ತು, ಎರಡು ಕಡೆಯೂ ಒಬ್ಬೊಬ್ಬ ಬ್ರಾಹ್ಮಣನೇ ತನ್ನವರನ್ನು ನಗಿಸಿ ನಾಚಿಸಲು ಮನೆಯ ಮಾತನ್ನೇ ಹಿಡಿದ.

ಈ ಪುಸ್ತಕ ಅಚ್ಚಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ದೊಡ್ಡತ್ತೆಯನ್ನು ಮಾರಿದರು. ನಾಟಕದಿಂದ ಸಮಾಜ ತಿದ್ದುತ್ತದೆ ಎನ್ನುವವರ ಮಾತಿಗೆ ಅದಕ್ಕೇ ನಾನು ಸುಲಭವಾಗಿ ತಲೆಯಾಡಿಸುವುದಿಲ್ಲ.

ನಮ್ಮ ಮಗಳು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡಾಗ ಅವಳ ಪಠ್ಯದಲ್ಲಿ ಇಬ್ಸೆನ್ನನ ‘ಎ ಡಾಲ್ಸ್ ಹೌಸ್’ ಇತ್ತು. ಅವಳ ಜೊತೆ ಕುಳಿತು ನಾನೂ ಓದಿದೆ. 1879ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಮೊದಲು ಆಡಿದ ನಾಟಕ. ಗಂಡನ ಆರೋಗ್ಯಕ್ಕಾಗಿ ನೋರಾ ಗುಟ್ಟಾಗಿ ಸಾಲ ಮಾಡಿರುತ್ತಾಳೆ. ಹೆಂಗಸಿನ ಸಹಿಗೆ ಬೆಲೆಯಿಲ್ಲದ್ದರಿಂದ ತಂದೆಯ ಸಹಿಯನ್ನು ತಾನೇ ಹಾಕಿರುತ್ತಾಳೆ. ವಿಷಯ ತಿಳಿದಾಗ ಗಂಡ ತನ್ನ ಮಾನವನ್ನಷ್ಟೇ ಯೋಚಿಸುತ್ತಾನೆ. ಅವಳು ಗಂಡನನ್ನೂ ಮೂರು ಮಕ್ಕಳನ್ನೂ ಬಿಟ್ಟು ಹೊರಟುಹೋಗುತ್ತಾಳೆ, ಬಾಗಿಲು ಮುಚ್ಚಿದ ಸದ್ದಿನೊಂದಿಗೆ ನಾಟಕ ಮುಗಿಯುತ್ತದೆ. ಜರ್ಮನಿಯಲ್ಲಿ ನೋರಾಳ ಪಾತ್ರ ಮಾಡಬೇಕಾಗಿದ್ದ ನಟಿಯೇ, ತಾನು ಮಕ್ಕಳನ್ನು ಬಿಟ್ಟು ಹೋಗುವವಳಲ್ಲ ಎಂದು ಹಟ ಹಿಡಿದಳಂತೆ. ಬೇರೆಯವರು ಕೆಡಿಸುವುದಕ್ಕಿಂತ ತಾನೇ ಬದಲಾಯಿಸುವುದು ಮೇಲೆಂದು ಇಬ್ಸೆನ್ ಬೇರೊಂದು ಮುಕ್ತಾಯ ಬರೆದುಕೊಟ್ಟ. ಮಕ್ಕಳ ಕೋಣೆಯ ಬಾಗಿಲಲ್ಲಿ ನೋರಾ ಕುಸಿದು ಉಳಿದುಬಿಡುತ್ತಾಳೆ. ಅದರ ಬಗ್ಗೆ ಅವನಿಗೇ ಅಸಹ್ಯವಿತ್ತು.

ಮಗಳು, “ಅಮ್ಮಾ, ನಿನ್ನ ವೆಂಕಮ್ಮ ಯಾಕೆ ಹಾಗೆ ಬಾಗಿಲು ಹಾಕಿಕೊಂಡು ಹೋಗಲಿಲ್ಲ?” ಎಂದು ಕೇಳಿದಳು. ನಾನು ಉತ್ತರ ಹುಡುಕುತ್ತಿರುವಾಗ, ಆಗ ತುಂಬಾ ವಯಸ್ಸಾಗಿದ್ದ ಪಿನ್ನಿಗಾರು ಕುರ್ಚಿಯಿಂದಲೇ ಹೇಳಿದರು: “ಬಾಗಿಲಿನ ಆಚೆ ಏನಿತ್ತು? ಬಾವಿ ಇತ್ತು. ಅವಳು ಹೋದಳಲ್ಲ.”

ಮಹಾರಾಷ್ಟ್ರದ ಕಡೆಯ ‘ಶಾರದಾ’ ಕೂಡ ಇದೇ ಕಾಲದ್ದು, ಗೋವಿಂದ ಬಲ್ಲಾಳ ದೇವಲರು ಬರೆದದ್ದು, 1899. ಮುದುಕನಿಗೆ ಮಾರಿದ ಹುಡುಗಿಯ ಕಥೆಯೇ. ಆ ಮದುವೆ ನಿಲ್ಲುವುದು ವಧುವರರು ಸಗೋತ್ರದವರು ಎಂದು ಗೊತ್ತಾದ್ದರಿಂದ. ವಯಸ್ಸಿನ ಮಾತಿಗೆ ಅಲ್ಲಿಯೂ ಯಾರೂ ಕಿವಿಗೊಡಲಿಲ್ಲ ನೋಡಿ! ಹುಡುಗಿಯರ ಮದುವೆಗೆ 14 ವರ್ಷ ಎಂಬ ಮಿತಿ ಕಾನೂನಿನಲ್ಲಿ ಬರಲು ಇನ್ನೂ ಮೂವತ್ತು ವರ್ಷ, 1929ರ ಶಾರದಾ ಕಾಯಿದೆಯವರೆಗೆ, ಕಾಯಬೇಕಾಯಿತು. ಆ ಕಾಯಿದೆಯ ಹೆಸರು ನಾಟಕದಿಂದ ಬಂದದ್ದಲ್ಲ, ಮಂಡಿಸಿದ ಹರಬಿಲಾಸ್ ಶಾರದಾ ಅವರದು. ನಾನೂ ಬಹಳ ಕಾಲ ತಪ್ಪು ತಿಳಿದಿದ್ದೆ.

ಅಷ್ಟು ಹೊತ್ತಿಗೆ ಹಣ ಹರಿಯುವ ದಿಕ್ಕೇ ತಿರುಗಿತ್ತು. ಹೆಣ್ಣಿಗೆ ಬೆಲೆ ಕೊಡುತ್ತಿದ್ದವರು ಗಂಡಿಗೆ ಬೆಲೆ ಕೊಡಲು ಶುರುಮಾಡಿದರು. ತೆಲುಗಿನಲ್ಲಿ ಅದಕ್ಕೂ ನಾಟಕ ಬಂತು. ಕಾಳ್ಳಕೂರಿ ನಾರಾಯಣರಾವ್ ಅವರ ‘ವರವಿಕ್ರಯಂ’, 1920ರ ದಶಕದ್ದು. 1939ರಲ್ಲಿ ಅದು ಸಿನಿಮಾ ಆದಾಗ ಭಾನುಮತಿ ಮೊದಲ ಸಲ ತೆರೆಗೆ ಬಂದರು. ಅದರಲ್ಲಿ ವರದಕ್ಷಿಣೆಯ ಮದುವೆ ಬೇಡವೆಂದು ಹಿರಿಯ ಮಗಳು ಬಾವಿಗೆ ಬಿದ್ದು ಸಾಯುತ್ತಾಳೆ. ಮತ್ತೆ ಬಾವಿ. ಕಿರಿಯವಳು ಗಟ್ಟಿಗಿತ್ತಿ, ನಾವು ಹಣ ಕೊಟ್ಟು ಕೊಂಡಿದ್ದೇವೆ, ಗಂಡನೇ ನಮ್ಮ ಮನೆಗೆ ಬರಲಿ ಎಂದು ವಾದಿಸುತ್ತಾಳೆ. ಪಿನ್ನಿಗಾರಿಗೆ ಮೂವರು ಹೆಣ್ಣುಮಕ್ಕಳು. ಮೂವರಿಗೂ ಕೊಟ್ಟ ‘ಕಟ್ನಂ’ ಎಷ್ಟೆಂದು ಅವರು ನನಗೆ ಹೇಳಲಿಲ್ಲ. ವಿಜಯನಗರಂನ ತವರುಮನೆ ಮಾತ್ರ ಅವರದಾಗಿ ಉಳಿದಿರಲಿಲ್ಲ.

ನನ್ನ ಮದುವೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1961ರಲ್ಲಿ ವರದಕ್ಷಿಣೆ ನಿಷೇಧದ ಕಾಯಿದೆ ಬಂದು ಹನ್ನೆರಡು ವರ್ಷಗಳಾಗಿದ್ದವು. ನಮ್ಮಲ್ಲಿ ಯಾರೂ ಆ ಶಬ್ದ ಬಳಸಲಿಲ್ಲ, ‘ವರೋಪಚಾರ’ ಎಂದರು. ಅದಕ್ಕೂ ಚಿನ್ನಕ್ಕೂ ಸೇರಿ ಅಪ್ಪಯ್ಯ ಹಳ್ಳದ ಪಕ್ಕದ ತೋಟದಲ್ಲಿ ಅರ್ಧವನ್ನು ಅಡವಿಟ್ಟರು. ಬಿಡಿಸಿಕೊಳ್ಳಲು ಹತ್ತು ವರ್ಷ ಹಿಡಿಯಿತು. ನಮ್ಮವರಿಗೆ ಈ ವಿಷಯ ಹೇಳಿದಾಗ ಅವರು ಒಂದು ವಾರ ಮಾತನಾಡಲಿಲ್ಲ. ಕೋಪವೋ ನಾಚಿಕೆಯೋ ನಾನು ಕೇಳಲಿಲ್ಲ.

ಅಪ್ಪಯ್ಯ ಹೋದ ಮೇಲೆ, 2007ರಲ್ಲಿ, ಅಣ್ಣಂದಿರು ಹಿಸ್ಸೆ ಮಾಡಿಕೊಂಡರು. 2005ರ ಕಾಯಿದೆ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಪಾಲು ಬಂದಿತ್ತು, ಆದ್ದರಿಂದ ನನ್ನಿಂದ ಹಕ್ಕು ಬಿಡುಗಡೆಯ ಪತ್ರ ಬೇಕಾಯಿತು. ದೊಡ್ಡಣ್ಣ ಅದನ್ನು ಹಿಡಿದುಕೊಂಡು ಖುದ್ದಾಗಿ ವಿಜಯವಾಡಕ್ಕೆ ಬಂದ. ಸಂಕೋಚದವನು, ಬಾಯಿಬಿಟ್ಟು ಕೇಳಲಾರ, ಕಾಗದವನ್ನು ಮೇಜಿನ ಮೇಲಿಟ್ಟು ಮಾತನ್ನು ಅಡಿಕೆ ದರಕ್ಕೆ ತಿರುಗಿಸಿದ. ಎರಡು ದಿನ ಅದು ಅಲ್ಲಿಯೇ ಇತ್ತು. ಮೂರನೆಯ ದಿನ ಬೆಳಿಗ್ಗೆ ನಾನು ಹಳ್ಳದ ಪಕ್ಕದ ತೋಟದ ಸರ್ವೆ ನಂಬರನ್ನು ಬಿಟ್ಟು ಬೇರೆ ಎಲ್ಲಕ್ಕೂ ಸಹಿ ಹಾಕುತ್ತೇನೆಂದೆ. ಅಣ್ಣ ಯಾಕೆಂದು ಕೇಳಲಿಲ್ಲ. ಬೇರೆ ಪತ್ರ ಬರೆಸಿಕೊಂಡು ಬರಲು ಅವನು ಮತ್ತೊಮ್ಮೆ ಬರಬೇಕಾಯಿತು. ನನ್ನ ಪಾಲಿಗೆ ಬಂದದ್ದು ಹನ್ನೊಂದು ಗುಂಟೆ. ಈಗಲೂ ಅದನ್ನು ಅಣ್ಣನ ಮಗನೇ ನೋಡಿಕೊಳ್ಳುತ್ತಾನೆ, ವರ್ಷಕ್ಕೊಮ್ಮೆ ಸಿಪ್ಪೆಗೋಟು ಎಷ್ಟಾಯಿತೆಂದು ಫೋನು ಮಾಡುತ್ತಾನೆ. ಪಹಣಿಯಲ್ಲಿ ನನ್ನ ಹೆಸರಿದೆ. ದೊಡ್ಡತ್ತೆಯ ಹೆಸರು ಹಾಕಲು ಅದರಲ್ಲಿ ಕಾಲಂ ಇಲ್ಲ.